ಕೋಳಿಪುಚ್ಚದ ಕೈ

ನಾನು ಶಾಲೆ ಬಿಟ್ಟದ್ದು ೧೯೯೪ರಲ್ಲಿ, ಒಂಬತ್ತನೇ ಇಯತ್ತೆಯ ನಡುವೆ. ನಪಾಸಾಗಿ ಬಿಟ್ಟವನಲ್ಲ, ಇದನ್ನು ಮೊದಲೇ ಹೇಳಿಬಿಡಬೇಕು. ಆ ವರ್ಷ ಅಪ್ಪನ ಜೋಡಿ ಎತ್ತಿನಲ್ಲಿ ಒಂದು ಸತ್ತಿತು. ಕಪನೂರಿನ ಬೇಳೆ ಮಿಲ್ಲುಗಳಿಗೆ ತೊಗರಿ ಚೀಲ ಹೊರುತ್ತಿದ್ದ ನಮ್ಮ ಬಂಡಿ ಕುಸನೂರಿನ ಮನೆಯ ಮುಂದೆ ಮೂಕಿಯನ್ನು ನೆಲಕ್ಕೆ ಹಚ್ಚಿ ನಿಂತುಬಿಟ್ಟಿತು. ಆಗಲೇ ಟೆಂಪೋಗಳು ಬಂದಿದ್ದವು, ಇನ್ನೊಂದು ಎತ್ತು ತಂದು ಮಾಡುವುದೇನೂ ಇರಲಿಲ್ಲ. ಉಳಿದದ್ದನ್ನು ಮಾರಿ ಬಂದ ಸಂಜೆ ಅಪ್ಪ ನನ್ನ ಪಾಟಿಚೀಲವನ್ನು ಬಾರುಕೋಲಿನ ಗೂಟಕ್ಕೇ ನೇತುಹಾಕಿ, "ನಾಳಿಂದ ನನ್ನ ಜೋಡಿ ಮಿಲ್ಲಿಗೆ ಬಾ" ಅಂದ.

ಮಿಲ್ಲಿನಲ್ಲಿ ಅಪ್ಪ ಚೀಲ ಹೊರುತ್ತಿದ್ದ. ನಾನು ದಬ್ಬಣ, ಸುತಳಿ ಹಿಡಿದು ಚೀಲದ ಬಾಯಿ ಹೊಲಿಯುತ್ತಿದ್ದೆ. ತೊಗರಿಯ ಧೂಳು ಮೂಗಿನಲ್ಲಿ ಕೂತು ರಾತ್ರಿ ಉಸಿರು ಸಿಳ್ಳೆ ಹೊಡೆಯುತ್ತಿತ್ತು. ಮಿಲ್ಲಿನ ಗೋಡೆಯ ಆಚೆ ತಗಡಿನ ಒಂದು ಶೆಡ್ಡಿತ್ತು. ಅಲ್ಲಿ ಕೆಲಸ ಕಲಿಸುತ್ತಿದ್ದ ಮುದುಕರೊಬ್ಬರು ಚಹಾದ ಹೊತ್ತಿಗೆ ನಮ್ಮ ಬೇವಿನ ನೆರಳಿಗೆ ಬಂದು ಕೂರುತ್ತಿದ್ದರು. ಮೊದಲು ಟೊಪ್ಪಿಗೆ ಮೇಲೆ ಜರಿ ಕಸೂತಿ ಹಾಕುತ್ತಿದ್ದವರು. ಎಲ್ಲರೂ ಅವರನ್ನು ಉಸ್ತಾದ್ ಅನ್ನುತ್ತಿದ್ದರು. ಒಂದು ದಿನ ನನ್ನ ಕೈಯನ್ನೇ ನೋಡುತ್ತ ಕೂತವರು ಅಪ್ಪನನ್ನು ಕರೆದರು.

"ಈ ಹುಡುಗ ಚೀಲದ ಬಾಯಿ ಹೊಲಿತಾನೋ, ಮದಲಿಂಗನ ಶೇರ್ವಾನಿ ಹೊಲಿತಾನೋ? ಟಾಕಿ ನೋಡ್ರಿ, ಒಂದರಂಗ ಒಂದು ಅದ. ಯಾರ ಮಗಾ ಇಂವ?"

"ನಮ್ಮಾಂವೇ ರೀ" ಅಂದ ಅಪ್ಪ. ಅವನ ದನಿಯಲ್ಲಿ ಹೆಮ್ಮೆಯಿತ್ತು. ಅದನ್ನು ನಾನು ಕೇಳಿದ್ದು ಅವತ್ತೊಂದೇ ಸಲ.

"ಹಂಗಾದ್ರ ಧೂಳ್ನಾಗ ಯಾಕ ಒಣಗಸ್ತೀರಿ? ನನ್ನ ಕಡಿ ಕೊಡ್ರಿ. ದಾರದ ಕೆಲಸ. ನೆಳ್ಳಾಗ ಕುಂತು ಮಾಡೂದು."

ದಾರದ ಕೆಲಸ ಅಂದರು, ಅಪ್ಪ ಒಪ್ಪಿದ. ದಾರವನ್ನು ಯಾತಕ್ಕೆ ಸುತ್ತುತ್ತಾರೆ ಎಂದು ಇವನು ಕೇಳಲಿಲ್ಲ, ಅವರು ಹೇಳಲಿಲ್ಲ.

ಶೆಡ್ಡಿನಲ್ಲಿ ಹೊರದೇಶಕ್ಕೆ ಹೋಗುವ ಗಾಳ ಕಟ್ಟುತ್ತಿದ್ದರು. ಎರೆಹುಳ ಚುಚ್ಚುವ ಗಾಳವಲ್ಲ. ಅಕ್ಕಿಕಾಳಿನಷ್ಟು ಕೊಕ್ಕೆಗೆ ದಾರ, ಮೊಲದ ತುಪ್ಪಳ, ಹುಂಜದ ಕತ್ತಿನ ಪುಚ್ಚ ಸುತ್ತಿ ನೊಣದ ಹಾಗೆ ಮಾಡುವುದು. ಚಳಿ ದೇಶದ ಹೊಳೆಗಳಲ್ಲಿ ನೀರಿನ ಮೇಲೆ ಕೂತ ನೊಣವನ್ನು ನುಂಗಲು ಮೀನು ಮೇಲೆದ್ದು ಬರುತ್ತದೆ, ಅದಕ್ಕೆ ಈ ಸುಳ್ಳು ನೊಣ. ಶೆಡ್ಡಿನಲ್ಲಿ ಅದಕ್ಕೆ ಮಖ್ಖಿ ಅಂತಲೇ ಹೆಸರು. ಊರವರು ನಮ್ಮನ್ನು ನೊಣ ಹೊಡೆಯುವವರು ಅಂತ ನಗುತ್ತಿದ್ದರು.

ಕೊಕ್ಕೆಯನ್ನು ಮೇಜಿಗೆ ಬಿಗಿದ ಶಿಕಂಜಾದ ಇಕ್ಕಳದಂಥ ಬಾಯಿಗೆ ಕೊಟ್ಟು ತಿರುಗಿಸಿದರೆ ಅದು ಅಲುಗದಂತೆ ಕಚ್ಚಿಕೊಳ್ಳುತ್ತದೆ. ಜೇನುಮೇಣ ಉಜ್ಜಿದ ದಾರವನ್ನು ಕೊಕ್ಕೆಯ ಬೆನ್ನಿಗೆ ಸುತ್ತಿ ಹಾಸಿಗೆ ಮಾಡಬೇಕು. ತುಪ್ಪಳವನ್ನು ಬೆರಳಲ್ಲಿ ಹೊಸೆದು ಮೈ ಕಟ್ಟಬೇಕು. ಆಮೇಲೆ ಪುಚ್ಚ. ಅದರ ತುದಿಯನ್ನು ಚಿಮಟಿಯಲ್ಲಿ ಹಿಡಿದು ಸುತ್ತಿದರೆ ಎಳೆಗಳು ಸುತ್ತಲೂ ಮುಳ್ಳಿನಂತೆ ಎದ್ದು ನಿಲ್ಲುತ್ತವೆ, ಆ ಎಳೆಗಳ ಮೇಲೆಯೇ ಮಖ್ಖಿ ನೀರಿನಲ್ಲಿ ತೇಲುವುದು. ಕೊನೆಗೆ ದಾರವನ್ನು ಅದರ ಮೇಲೆಯೇ ಸುತ್ತಿ, ತುದಿಯನ್ನು ಆ ಸುತ್ತುಗಳ ಹೊಟ್ಟೆಯೊಳಗೆ ಎಳೆದು ಬಿಗಿಯಬೇಕು. ಗಂಟು ಕಾಣುವುದಿಲ್ಲ, ಬಿಚ್ಚುವುದಂತೂ ಇಲ್ಲ. ಹೊಸಬರೆಲ್ಲ ಒಂದೇ ತಪ್ಪು ಮಾಡುತ್ತಾರೆ. ಮೈಯನ್ನೂ ಪುಚ್ಚವನ್ನೂ ಮುಂದೆ ಮುಂದೆ ತಂದು ಕೊಕ್ಕೆಯ ಕಣ್ಣನ್ನೇ ಮುಚ್ಚಿಬಿಡುತ್ತಾರೆ. ಕಣ್ಣು ಮುಚ್ಚಿದ ಮೇಲೆ ಗಾಳದ ದಾರ ಪೋಣಿಸುವುದು ಎಲ್ಲಿಂದ?

"ಕಣ್ಣಿಗೆ ಜಾಗಾ ಬಿಡು ಬೇಟಾ" ಅನ್ನುತ್ತಿದ್ದರು ಉಸ್ತಾದ್. "ಲಗ್ನದ ಊಟ ಅದ ಅಂತ ಗಂಟಲತನ ತಿಂದ್ರ ಉಸಿರು ಎಲ್ಲಿಂದ ಆಡ್ತಿ?"

ಕೆಲಸಕ್ಕೆ ಸೇರಿದ ವಾರದಲ್ಲೇ ಕೂದಲಲ್ಲಿ ಒಂದು ಕೆಂಪು ಪುಚ್ಚ ಸಿಕ್ಕಿಸಿಕೊಂಡೇ ಮನೆಗೆ ಬಂದೆ. ನನಗದು ಗೊತ್ತಿರಲಿಲ್ಲ. ಅಪ್ಪ ಜಳಕ ಮಾಡಿ ವಿಭೂತಿ ಹಚ್ಚಿ, ಕೊರಳಿನ ಕರಡಿಗೆಯಿಂದ ಲಿಂಗ ತೆಗೆದು ಪೂಜೆಗೆ ಕೂರುವವನಿದ್ದ.

"ತಲ್ಯಾಗ ಏನದು?"

ತೆಗೆದು ನೋಡಿದೆ. "ಪುಚ್ಚ."

"ಯಾತರದು?"

"ಹುಂಜದ್ದು. ದಾರಕ್ಕ ಸುತ್ತಾದು. ಮೀನ ಹಿಡಿಯು ಗಾಳ ಆಗ್ತದ."

ಅಪ್ಪ ಬೈಯಲಿಲ್ಲ. ಬೈದಿದ್ದರೆ ನಾನೂ ತಿರುಗಿ ಬೈಯುತ್ತಿದ್ದೆ, ಅಲ್ಲಿಗೆ ಮುಗಿಯುತ್ತಿತ್ತೋ ಏನೋ. "ಹೊರಗ ನಳದ ಕೆಳಗ ಜಳಕಾ ಮಾಡಿ ಬಾ" ಅಂದ. ಬಂದ ಮೇಲೆ, "ನಾಳಿ ಹೋಗಬ್ಯಾಡ" ಅಂದ.

"ಹೋಗ್ತೀನಿ. ಕಳವು ಮಾಡ್ಲಾಕತ್ತಿಲ್ಲ."

"ಕಳವು ಮಾಡಿದ್ರ ಪೊಲೀಸ್ರು ಒಯ್ತಿದ್ರು, ನಾ ಬಿಡಿಸ್ಕೊಂಡು ಬರ್ತಿದ್ದೆ. ಇದಕ್ಕ ಏನ್ ಮಾಡ್ಲಿ?"

ಮರುದಿನ ಹೋದೆ. ಸಂಜೆ ಬಂದು ನೋಡಿದರೆ ಕಿಟಕಿಯಲ್ಲಿ ಒಂದು ಸ್ಟೀಲ್ ಲೋಟವಿತ್ತು. ಅದು ನನ್ನದು. ಅಂದಿನಿಂದ ಅಪ್ಪ ನನ್ನ ಕೈಯಿಂದ ನೀರು ತೆಗೆದುಕೊಳ್ಳಲಿಲ್ಲ. ಮಾತು ಬಿಡಲಿಲ್ಲ, ಮನೆ ಬಿಡು ಅನ್ನಲಿಲ್ಲ, ಜ್ವರ ಬಂದರೆ ಹಣೆ ಮುಟ್ಟಿ ನೋಡುತ್ತಿದ್ದ. ನೀರು ಮಾತ್ರ ಇಲ್ಲ. ಅವನು ಬಗ್ಗಲಿಲ್ಲ, ನಾನೂ ಬಗ್ಗಲಿಲ್ಲ. ಅವ್ವ ಇಬ್ಬರ ನಡುವೆ ತಂಬಿಗೆ ಹಿಡಿದು ಓಡಾಡಿದಳು. ಅವಳ ಆಯುಷ್ಯದ ಅರ್ಧ ಅದರಲ್ಲೇ ಹೋಯಿತು.

ಭಾನುವಾರ ಉಸ್ತಾದರ ಜೊತೆ ಕಮಲಾಪುರಕ್ಕೆ ಹೋಗುತ್ತಿದ್ದೆ. ಅಲ್ಲಿ ಹುಂಜ ಸಾಕುವವನೊಬ್ಬನಿದ್ದ. ಅವನಲ್ಲಿ ಕತ್ತಿನ ಚರ್ಮ ಆರಿಸಿ ಕೊಂಡು, ರಸ್ತೆ ಬದಿಯಲ್ಲಿ ಕೆಂಪು ಬಾಳೆಹಣ್ಣು ತಿಂದು, ಡ್ಯಾಮಿನ ಹಿನ್ನೀರಿನ ದಂಡೆಗೆ ನಡೆಯುತ್ತಿದ್ದೆವು. ಇದು ಉಸ್ತಾದರು ತಾವೇ ಮಾಡಿಕೊಂಡ ರೂಢಿ. ಹೊಸ ಹುಂಜದ ಪುಚ್ಚದಿಂದ ಕಟ್ಟಿದ ಮೊದಲ ಮಖ್ಖಿ ಮಾರಾಟಕ್ಕಲ್ಲ, ಅದು ನೀರಿನದು. ಪಕ್ಕಡದಿಂದ ಅದರ ಕೊಕ್ಕೆಯ ಮೊನೆಯನ್ನು ಮುರಿದುಹಾಕಿ, ಬರೀ ಮೊಂಡು ಕಡ್ಡಿಯ ಮೇಲಿನ ನೊಣವನ್ನು ನೀರಿಗೆ ಬಿಡುತ್ತಿದ್ದರು. ಮೀನು ಎದ್ದು ಬಂದು ಬಾಯಿಗೆ ತೆಗೆದುಕೊಂಡು ಉಗುಳಿದರೆ ಆ ಹುಂಜ ಪಾಸು. ಮೀನು ಬರುವ ಮೊದಲೇ ಮುಳುಗಿದರೆ ಪುಚ್ಚ ಮೆತ್ತಗಿದೆ, ನೀರು ಕುಡಿಯುತ್ತದೆ ಎಂದು ಆ ಚರ್ಮವನ್ನೇ ಎಸೆಯುತ್ತಿದ್ದರು.

"ಪರೀಕ್ಷಾ ಮಾಡೋ ಮಾಸ್ತರನ್ನ ಕೊಂದ್ರ ನಂಬರ್ ಯಾರು ಕೊಡ್ತಾರ ಮಿಯಾ?" ಇದು ಅವರ ಮಾತು.

ಮಖ್ಖಿಗೆ ತೂಕವಿಲ್ಲ. ಕಲ್ಲು ಎಸೆದಂತೆ ಎಸೆದರೆ ಅದು ಕಾಲ ಬುಡಕ್ಕೇ ಬೀಳುತ್ತದೆ. ದಪ್ಪ ದಾರದ ತೂಕವೇ ಅದನ್ನು ಒಯ್ಯಬೇಕು. ಮಾಲು ಕೊಳ್ಳುವವರು ಕಳಿಸಿದ್ದ ಬಳುಕುವ ಕೋಲೊಂದು ಉಸ್ತಾದರ ಹತ್ತಿರವಿತ್ತು. ಅದನ್ನು ನನ್ನ ಕೈಗೆ ಕೊಟ್ಟ ಮೊದಲ ದಿನ ನಾನು ಬಂಡಿಯ ಮೂಕಿಯ ಮೇಲೆ ಕೂತವನಂತೆ ಎತ್ತಿ, ಹಿಂದೆ ಒಗೆದು, ಜಗ್ಗಿ ಬೀಸಿದೆ. ಛಟೀರ್ ಅಂತು. ಮಖ್ಖಿ ಹರಿದು ಎಲ್ಲಿಯೋ ಹೋಯಿತು.

ಉಸ್ತಾದ್ ಹಣೆಗೆ ಕೈ ಹಚ್ಚಿ ನೀರಿನ ತುಂಬ ಹುಡುಕಿದರು. "ಎತ್ತು ಎಲ್ಲ್ಯಾವೋ? ನನಗಂತೂ ಕಾಣವಲ್ಲವು."

ನಗು ಬರಲಿಲ್ಲ ನನಗೆ. ಇನ್ನೊಂದು ಕಟ್ಟಿಕೊಂಡು ಬೀಸಿದೆ. ಅದೂ ಹೋಯಿತು.

"ಬಾರುಕೋಲು ಅಲ್ಲಪಾ ಇದು. ಹಿಂದಕ ಒಗಿ. ಜರಾ ನಿಂದ್ರು. ಹಿಂದಿನ ದಾರ ಪೂರಾ ಚಾಚ್ಲಿ, ತೋಳಿಗೆ ಅದರ ವಜನ್ ತಿಳೀಲಿ. ಆಮ್ಯಾಲ ಮುಂದ ಬಿಡು. ನಿಂದ್ರೂದೇ ಕೆಲಸ. ಬೀಸೂದು ಅದರ ಪಾಡಿಗೆ ಅದು ಆಗ್ತದ."

ಆ ನಿಲ್ಲುವುದನ್ನು ಕಲಿಯಲು ನನಗೆ ಒಂದು ಮಳೆಗಾಲ, ಒಂದು ಚಳಿಗಾಲ ಬೇಕಾಯಿತು. ಕಲಿತ ದಿನ ಮಖ್ಖಿ ನೀರಿನ ಮೇಲೆ ನಿಜವಾದ ನೊಣದಂತೆ ಸದ್ದಿಲ್ಲದೆ ಕೂತಿತು. ಅಂಗೈ ಅಗಲದ ಜಿಲೇಬಿ ಮೀನೊಂದು ಕೆಳಗಿನಿಂದ ನೆರಳಿನಂತೆ ಎದ್ದು ಬಂದು, ಅದನ್ನು ಹೀರಿ, ಮೋಸ ತಿಳಿದು ಉಗುಳಿ ಹೋಯಿತು. ಮನೆಗೆ ಬಂದು ಅವ್ವನಿಗೆ ಹೇಳಿದೆ. ಅಪ್ಪ ಪಡಸಾಲೆಯಲ್ಲಿ ಕೂತು ಎಲ್ಲ ಕೇಳುತ್ತಿದ್ದ. ತಿರುಗಿ ನೋಡಲಿಲ್ಲ.

ಕನ್ಯೆಯ ಕಡೆಯವರೂ ಬಂದು ಹೋದರು. ಅವ್ವ "ದಾರದ ಕೆಲಸ ರೀ" ಅನ್ನುತ್ತಿದ್ದಳು. "ಯಾವ ಮಿಲ್ಲು?" ಅಂತ ಅವರು ಕೇಳುವಷ್ಟರಲ್ಲಿ ನಾನೇ ಎದ್ದು, ಮಾಡುವುದೇನೆಂದು ಹೇಳಿಬಿಡುತ್ತಿದ್ದೆ. ಒಂದು ಸಲ ಬಂದವರು ಚಹಾದ ಬಸಿಯನ್ನು ಹಾಗೇ ನೆಲಕ್ಕಿಟ್ಟು ಎದ್ದರು. ಅವ್ವ ಅತ್ತಳು. "ಒಂದು ತಾಸು ಬಾಯಿ ಮುಚ್ಚಿದ್ರ ನಿನ ಗಂಟೇನು ಹೋಗ್ತಿತ್ತು?" ಅಂದಳು. ಕೆಲಸ ಮುಚ್ಚಿಟ್ಟು ಹೆಣ್ಣು ತರುವ ಗರಜು ನನಗಿರಲಿಲ್ಲ. ಈಗಲೂ ಹಾಗೇ ಅನ್ನುತ್ತೇನೆ. ಆಮೇಲೆ ಯಾರೂ ಬರಲಿಲ್ಲ.

ಉಸ್ತಾದರ ಕಣ್ಣಿಗೆ ಸಕ್ಕರೆ ಕಾಯಿಲೆ ಇಳಿಯಿತು. ಕೊನೆಕೊನೆಗೆ ಬೆರಳಿನ ಗುರುತಿನಿಂದಲೇ ಕಟ್ಟುತ್ತಿದ್ದರು, ಮೊನೆ ಚುಚ್ಚಿ ಬೆರಳ ತುದಿಗಳು ಜರಡಿಯಾಗಿದ್ದವು. ಅವರು ಸತ್ತ ದಿನ ನಾನೂ ಹೆಗಲು ಕೊಟ್ಟೆ. ಮನೆಗೆ ಬಂದಾಗ ಅಪ್ಪ ನಳದ ಹತ್ತಿರ ಒಣಗಿದ ಪಂಚೆ ಇಟ್ಟಿದ್ದ. "ಛಲೋ ಮನಷ್ಯಾ" ಅಂದ, ಅಷ್ಟೇ. ಅವರು ಹೋದ ಮೇಲೆ ಶೆಡ್ಡು ಬಹಳ ದಿನ ನಡೆಯಲಿಲ್ಲ. ಖೂಬಾ ಪ್ಲಾಟಿನಲ್ಲಿದ್ದ ಶೆಡ್ಡಿನ ಮಾಲೀಕರು ಅದನ್ನು ಪ್ಲಾಸ್ಟಿಕ್ ಕೊಡಗಳ ಗೋದಾಮಿಗೆ ಬಾಡಿಗೆ ಕೊಟ್ಟರು. ನಾನು ನನ್ನ ಶಿಕಂಜಾ ಬಿಚ್ಚಿಕೊಂಡು ಕಮಲಾಪುರಕ್ಕೆ ಹೋದೆ, ಹುಂಜದವನ ಶೆಡ್ಡಿನಲ್ಲಿ ಅರ್ಧ ಬಾಡಿಗೆಗೆ ಹಿಡಿದೆ. ಮಾಲು ಕೊಳ್ಳುವವರು ಈಗಲೂ ಇದ್ದಾರೆ, ಕಡಿಮೆ ಇದ್ದಾರೆ. ಮುಂಜಾನೆ ಬಸ್ಸು, ಸಂಜೆ ಬಸ್ಸು, ಮನೆಯ ಹೊರಗಿನ ನಳ.

ಆಮೇಲೆ ಅವ್ವ ಹೋದಳು.

ಮನೆಯಲ್ಲಿ ಉಳಿದದ್ದು ಎರಡು ಗಂಡು ಜೀವ. ಅಪ್ಪ ತನ್ನ ನೀರು ತಾನೇ ತುಂಬಿಕೊಂಡ, ತನ್ನ ರೊಟ್ಟಿ ತಾನೇ ತಟ್ಟಿಕೊಂಡ. ನಾನು ನನ್ನದು. ಒಂದೇ ಒಲೆಯ ಮುಂದೆ ಒಬ್ಬರಾದ ಮೇಲೊಬ್ಬರು ಕೂರುತ್ತಿದ್ದೆವು. ಪಕ್ಕದ ಮನೆಯ ಕಾಕು ಕಟ್ಟೆಯ ಮೇಲಿಂದ ನೋಡಿ, "ಎರಡು ಹೋರಿಗಿ ಒಂದೇ ಗೋದಲಿ ಸಾಲವಲ್ಲದು ನೋಡ್ರಿ" ಎಂದು ನಗುತ್ತಿದ್ದಳು. ಅಪ್ಪನೂ ಒಮ್ಮೊಮ್ಮೆ ನಗುತ್ತಿದ್ದ.

ಹೋದ ವರ್ಷ ಅವನಿಗೆ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು ಹೋದವು, ಬಾಯಿ ಒಂದು ಕಡೆ ಜಾರಿತು. ದವಾಖಾನೆಯಿಂದ ಕರೆತಂದು ಮಲಗಿಸಿ ನಾನು ನೀರು ಹಿಡಿದೆ. ಅಪ್ಪ ಮುಖವನ್ನು ಗೋಡೆಗೆ ತಿರುಗಿಸಿದ. ಲೋಟ ಇಳಿಸಿ ಕಾಕುವನ್ನು ಕರೆದೆ. ಅವಳು ಕುಡಿಸಿದಳು. ನಾನು ಮೈ ಒರೆಸಬಹುದು, ಹೊಲಸು ಬಳಿಯಬಹುದು, ಹೊರಳಿಸಬಹುದು. ನೀರು ಮತ್ತು ಗಂಜಿಗೆ ಕಾಕು ಬರಬೇಕು. ಅವಳಿಗೆ ಮೊಮ್ಮಕ್ಕಳು, ಮನೆಗೆಲಸ. ಬರುವುದು ತಡವಾದರೆ ಅಪ್ಪ ತುಟಿ ಒಣಗಿಸಿಕೊಂಡು ಬಾಗಿಲ ಕಡೆ ನೋಡುತ್ತ ಮಲಗಿರುತ್ತಿದ್ದ. ನಾನು ತುಂಬಿದ ಲೋಟ ಹಿಡಿದು ಅವನ ಪಕ್ಕದಲ್ಲೇ ಕೂತಿರುತ್ತಿದ್ದೆ.

ಒಂದೇ ಕೈಯಲ್ಲಿ ಎಳೆದಾಡಿ ಅವನ ಕೊರಳಿನ ಶಿವದಾರ ಸವೆದಿತ್ತು. ಒಂದು ಮುಂಜಾನೆ ಅದು ಹರಿದು, ಲಿಂಗವಿದ್ದ ಕರಡಿಗೆ ನೆಲಕ್ಕೆ ಬಿತ್ತು. ನನಗಿಂತ ಮೊದಲು ಅಪ್ಪನಿಗೇ ಸದ್ದು ಕೇಳಿತು. ಕಾಕು ಗಂಜಿ ತಂದರೆ ಬಾಯಿ ತೆರೆಯಲಿಲ್ಲ. ಸಂಜೆ ತಂದರೂ ಇಲ್ಲ. ಲಿಂಗ ಮೈಬಿಟ್ಟ ಮೇಲೆ ಅನ್ನವೆಲ್ಲಿಯದು, ಇದು ಅವನ ಲೆಕ್ಕ. ಮರುದಿನ ಮಠದ ಅಯ್ಯನವರನ್ನು ಕರೆತಂದೆ. ಅವರು ಪೂಜೆ ಮಾಡಿ, "ರೋಗದಾಗ ಬಿದ್ದಿದ್ದಕ್ಕ ದೋಷ ಇಲ್ಲಪಾ, ಊಟಾ ಮಾಡು" ಎಂದು ಹೇಳಿ, ಹೊಸ ದಾರ ಕಟ್ಟಿ ಹೋದರು. ಬಜಾರಿನ ನುಣುಪು ದಾರ. ಮಧ್ಯಾಹ್ನ ಅಪ್ಪ ಹೊರಳಿದಾಗ ಗಂಟು ಜಾರಿ ಕರಡಿಗೆ ಹಾಸಿಗೆಯ ಅಂಚಿಗೆ ಬಂದು ನಿಂತಿತು. ಎಡಗೈಯಿಂದ ಅದನ್ನು ಎದೆಗೆ ಒತ್ತಿ ಹಿಡಿದವನು ಬಿಡಲೇ ಇಲ್ಲ. ನಿದ್ದೆ ಮಾಡಲಿಲ್ಲ, ಬಿದ್ದೀತೆಂದು ಕೈ ತೆಗೆದು ಉಣ್ಣಲೂ ಇಲ್ಲ.

ಮರುದಿನ ಬೆಳಗ್ಗೆ ನಾನು ಕಮಲಾಪುರಕ್ಕೆ ಹೋಗಲಿಲ್ಲ. ಅಪ್ಪ ತೊದಲುತ್ತ ಕೇಳಿದ. "ನಿನ್ನ ಗಂಟು... ನೀರಾಗ ಬಿಚ್ಚೂದಿಲ್ಲಂತಲ್ಲ?"

"ಇಲ್ಲ."

"ಕಟ್ಟು."

"ಕೈ ಅದೇ ಅದಪಾ. ಕೋಳಿಪುಚ್ಚದ ಕೈ."

"ಗೊತ್ತದ. ಕಟ್ಟು."

ಅಂಗಡಿಗೆ ಹೋಗಿ ಯಾವ ಗಾಳವನ್ನೂ ಮುಟ್ಟದ ಹೊಸ ಬಿಳಿ ನೂಲು, ಹೊಸ ಮೇಣದುಂಡೆ ತಂದೆ. ಹೊರಗಿನ ನಳದ ಕೆಳಗೆ ಜಳಕ ಮಾಡಿದೆ. ಒದ್ದೆ ತಲೆಯಲ್ಲೇ ಅವನ ಹಾಸಿಗೆಯ ಪಕ್ಕ ಕೂತೆ. ಶಿಕಂಜಾ ಕಮಲಾಪುರದಲ್ಲಿತ್ತು. ಕರಡಿಗೆಯನ್ನು ಅವನ ಎದೆಯ ಮೇಲೆ ಮಡಿ ಬಟ್ಟೆಯಲ್ಲಿ ಇಟ್ಟು, ಗಂಟು ಜಾರಿದ ಶಿವದಾರದ ಎರಡು ತುದಿಗಳನ್ನು ಜೋಡಿಸಿ ಅವನ ಎಡಗೈಯ ಹೆಬ್ಬೆರಳು, ತೋರುಬೆರಳಿನ ನಡುವೆ ಇಟ್ಟೆ. "ಬಿಗಿ ಹಿಡಿ. ಅಲಗಬ್ಯಾಡ." ಬಂಡಿಯ ಹಗ್ಗ ಜಗ್ಗಿದ ಬೆರಳುಗಳು, ಹಿಡಿತ ಇನ್ನೂ ಹೋಗಿರಲಿಲ್ಲ. ಮೇಣ ಉಜ್ಜಿದ ಸಣ್ಣ ನೂಲನ್ನು ಸುತ್ತುತ್ತಾ ಬಂದೆ, ಒಂದರ ಪಕ್ಕ ಒಂದು, ಸಂದು ಬಿಡದೆ. ನನ್ನ ಕೈ ಈ ಕೆಲಸ ಮಾಡುವುದನ್ನು ಅಪ್ಪ ಅವತ್ತು ಮೊದಲ ಸಲ ನೋಡಿದ. ಕಣ್ಣು ಮಿಟುಕಿಸಲಿಲ್ಲ.

"ಮೀನ ಎಷ್ಟು ಕೊಂದೀದಿ?" ಅಂದ.

"ನಾ ಒಂದೂ ಕೊಂದಿಲ್ಲ. ಮೊನಿ ಮುರಿದು ಬಿಡ್ತೀವಿ."

"ನೀ ಕಟ್ಟಿದ್ವು?"

ಸುಳ್ಳು ಹೇಳಬಹುದಿತ್ತು. "ಅವು ಕೊಂದಿರ್ತಾವ" ಅಂದೆ.

"ಹೂಂ" ಅಂದ.

ತುದಿಯನ್ನು ಸುತ್ತುಗಳ ಹೊಟ್ಟೆಯೊಳಗೆ ಎಳೆದು ಬಿಗಿದು, ಉಳಿದದ್ದನ್ನು ಕತ್ತರಿಸಿದೆ. ಅಪ್ಪ ಎಡಗೈಯಿಂದ ದಾರವನ್ನು ಜಗ್ಗಿ ನೋಡಿದ. ಇನ್ನೊಮ್ಮೆ ಜಗ್ಗಿದ. ಆಮೇಲೆ ಕೈಯನ್ನು ಎದೆಯಿಂದ ತೆಗೆದು ಪಕ್ಕಕ್ಕೆ ಚೆಲ್ಲಿ ಕಣ್ಣು ಮುಚ್ಚಿದ. ಇಡೀ ಮಧ್ಯಾಹ್ನ ಮಲಗಿದ. ಎದ್ದಾಗ ನನಗೇನೋ ಧೈರ್ಯ ಬಂದಿತ್ತು. ಲೋಟ ತುಂಬಿ ತುಟಿಗೆ ಹಿಡಿದೆ. ಅವನು ನೀರನ್ನೂ ನೋಡಿದ, ನನ್ನನ್ನೂ ನೋಡಿದ. ಈ ಸಲ ಗೋಡೆಗೆ ತಿರುಗಲಿಲ್ಲ.

"ಅದು ಬ್ಯಾರೆ" ಅಂದ. "ಇದು ಬ್ಯಾರೆ. ಕಾಕುನ್ನ ಕರಿ."

ಕರೆದೆ. ಅವಳು ಗಂಜಿ ಕುಡಿಸಿದಳು, ಅವನು ಉಂಡ. ಆ ದಾರದ ಬಲದಿಂದ ಒಂದು ಬೇಸಿಗೆ ಉಳಿದ. ಕರಡಿಗೆ ಮತ್ತೆ ಬೀಳಲಿಲ್ಲ. ಕೊನೆಯ ದಿನ ಉಸಿರು ಎಳೆಯುತ್ತಿದ್ದಾಗ ಕಾಕು ಮೊಮ್ಮಗನನ್ನು ಶಾಲೆಗೆ ಬಿಡಲು ಹೋಗಿದ್ದಳು. ನಾನು ಲೋಟ ಹಿಡಿದು ನಿಂತಿದ್ದೆ. ತುಟಿಗೆ ಬಿಡಲಿಲ್ಲ. ಕೇಳುವ ಶಕ್ತಿಯೂ ಬೇಡವೆನ್ನುವ ಶಕ್ತಿಯೂ ಇಲ್ಲದವನಿಗೆ ನೀರು ಬಿಡುವುದು ಗೆದ್ದಂತಾಗುತ್ತಿತ್ತು, ಹಾಗೆ ಗೆಲ್ಲುವುದು ನನಗೆ ಬೇಕಿರಲಿಲ್ಲ. ಅವಳು ಬಂದಾಗ ಮುಗಿದಿತ್ತು. "ಒಂದು ಹನಿ ಬಿಡಬಾರದಿತ್ತೇನೋ ಹುಚ್ಚಾ" ಎಂದು ನನ್ನ ತೋಳಿಗೆ ಹೊಡೆದಳು. ಅವಳು ಹೊಡೆದದ್ದು ಸರಿ ಇರಬಹುದು. ನನಗೆ ಇವತ್ತಿಗೂ ತಿಳಿದಿಲ್ಲ.

ಹೆಣಕ್ಕೆ ಜಳಕ ಮಾಡಿಸುವಾಗ ಅಯ್ಯನವರು ತಂಬಿಗೆಯನ್ನು ನನ್ನ ಕೈಗೆ ಕೊಟ್ಟರು. ತಲೆಯ ಮೇಲಿಂದ ಸುರಿದೆ. ಹಣೆ, ಕಣ್ಣು, ಬಾಯಿಯ ಮೇಲಿಂದ ಇಳಿದು ಹೋಯಿತು. ನನ್ನ ಕೈಯ ನೀರು ಅವನ ತುಟಿಗೆ ತಾಗಿದ್ದು ಆಗ.

ಕುಣಿಯಲ್ಲಿ ಕೂರಿಸಿದ ಮೇಲೆ ಲಿಂಗವನ್ನು ಅಂಗೈಯಲ್ಲಿ ಇಡಬೇಕು. ಕೊರಳಿನ ದಾರ ಬಿಚ್ಚಲು ಅಯ್ಯನವರು ಹೋದರು. ಗಂಟೇ ಸಿಗಲಿಲ್ಲ. ಇನ್ನೊಬ್ಬರು ಬಗ್ಗಿ ನೋಡಿದರು, ಉಗುರು ಹಾಕಿದರು. "ಇದನ್ನ ಯಾರು ಕಟ್ಟ್ಯಾರಪಾ?" ಎಂದು ಮೇಲಕ್ಕೆ ನೋಡಿದರು. ನಾನು ಕುಣಿಗೆ ಇಳಿದೆ. ಜೇಬಿನಲ್ಲಿ ಕೆಲಸದ ಕತ್ತರಿ ಇತ್ತು, ಅದು ಯಾವತ್ತೂ ಇರುತ್ತದೆ. ಬಿಚ್ಚಲು ಬರುವುದಿಲ್ಲ, ಕತ್ತರಿಸಲೇಬೇಕು ಅಂದೆ. ಕತ್ತರಿಸಿದೆ. ಸುತ್ತಿನ ಮೇಲಲ್ಲ, ಪಕ್ಕದಲ್ಲಿ. ದಾರವನ್ನು ಅಯ್ಯನವರು ನನ್ನ ಕೈಗೇ ಹಾಕಿದರು.

ಮರುವಾರ ಕಮಲಾಪುರಕ್ಕೆ ಹೋದೆ. ಹೊಸ ಹುಂಜದ ಚರ್ಮ ಬಂದಿತ್ತು. ಮೊದಲ ಮಖ್ಖಿ ಕಟ್ಟಿ, ಮೊನೆ ಮುರಿದು ಹಿನ್ನೀರಿಗೆ ಒಯ್ದೆ. ಹಿಂದಕ್ಕೆ ಒಗೆದು ನಿಂತೆ. ದಾರ ಹಿಂದೆ ಪೂರ್ತಿ ಚಾಚಿತು, ತೋಳಿಗೆ ಅದರ ತೂಕ ಬಂತು. ಮುಂದೆ ಬಿಟ್ಟೆ. ಮಖ್ಖಿ ನೀರಿನ ಮೇಲೆ ಸಂಜೆಯವರೆಗೂ ತೇಲಿತು, ಮುಳುಗಲಿಲ್ಲ. ಮೀನೂ ಏಳಲಿಲ್ಲ.

ಈಗ ನನ್ನ ಹತ್ತಿರ ಇರುವುದು ಇಷ್ಟು. ಕಮಲಾಪುರದಲ್ಲಿ ಬಾಡಿಗೆಯ ಅರ್ಧ ಶೆಡ್ಡು, ಶಿಕಂಜಾ ಒಂದು, ಉಸ್ತಾದರ ಕೋಲು ಒಂದು. ಕುಸನೂರಿನಲ್ಲಿ ಎರಡು ಕೋಣೆಯ ಮನೆ, ಹೊರಗೆ ಒಂದು ನಳ. ಗೂಟದಲ್ಲಿ ಬಾರುಕೋಲು ಒಂದು. ಕತ್ತರಿ ಒಂದು. ಶಿವದಾರ ಒಂದು, ಪಕ್ಕದಲ್ಲಿ ಕತ್ತರಿಸಿದ್ದು. ಲೋಟ ಎರಡು.